ಬೂಷ್ಟಿನಲ್ಲಿ ಔಷಧಿ ಕಂಡ ಫ್ಲೆಮಿಂಗ್

ಅಲೆಕ್ಸಾಂಡರ್ ಫ್ಲೆಮಿಂಗ್‌ರವರು 1881ನೇ ಇಸವಿ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ರೈತರ ಮನೆಯಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ಓದಿ ಡಾಕ್ಟರಾದರು.

ಮೊದಲನೇ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನ ಆಸ್ಪತ್ರೆಯಲ್ಲಿದ್ದರು. ಗಾಯ ಕೀವಾಗಿ ಸೈನಿಕರು ಸಾಯುತ್ತಿದ್ದರು. ಡಾಕ್ಟರುಗಳು ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಹಾಕುತ್ತಿದ್ದರು. ನಾವು ಬಳಸೋ ಕರೀ ಫಿನಾಯಿಲ್ ಅದರ ನೆಂಟ. ಫ್ಲೆಮಿಂಗ್‌ರವರು ಗಾಜಿನ ಕೊಳವೆ ಕಾಯಿಸಿ, ಆಳವಾದ ಗಾಯದ ಹಾಗೆ ಮುಳ್ಳುಮುಳ್ಳಾಗಿ ಎಳೆದು, ಅದರಲ್ಲಿ ಬ್ಯಾಕ್ಟೀರಿಯಾ ಬಿಟ್ಟು ಪರೀಕ್ಷೆ ಮಾಡಿದರು. ಔಷಧಿ ತುಂಬಿ ಚೆಲ್ಲಿದರೂ ಮುಳ್ಳಿನ ತುದಿಯಲ್ಲಿ ಅವು ಬದುಕಿಕೊಂಡವು! ಮೇಲಾಗಿ, ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳೇ ಬೇಗ ಸಾಯುತ್ತಿದ್ದವು. ಆದರೆ ಅವರ ಮಾತು ಹೆಚ್ಚಿನವರು ಕೇಳಲಿಲ್ಲ. ಪೆನಿಸಿಲಿನ್‌ಗಿಂತ ಈ ಕೊಳವೆಯೇ ನನಗೆ ಇಷ್ಟ.

1928ರಲ್ಲಿ ರಜೆ ಮುಗಿಸಿ ಬಂದಾಗ ಬ್ಯಾಕ್ಟೀರಿಯಾ ಬೆಳೆಸಿದ್ದ ಒಂದು ಗಾಜಿನ ತಟ್ಟೆಗೆ ಬೂಷ್ಟು ಹಿಡಿದಿತ್ತು. ನಮ್ಮ ಅರಸೀಕೆರೆ ಕಡೆ ಒಡೆದಿಟ್ಟ ತೆಂಗಿನಕಾಯಿಗೆ ಹಿಡಿಯುತ್ತಲ್ಲ, ಹಾಗೆ. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿಹೋಗಿದ್ದವು. ಆ ರಸವೇ ಪೆನಿಸಿಲಿನ್. ಬಿಳಿ ಕಣಗಳಿಗೆ ಅದು ಏನೂ ಮಾಡಲಿಲ್ಲ. ಅದನ್ನು ಔಷಧಿ ಮಾಡಿದವರು ಫ್ಲೋರಿ ಮತ್ತು ಚೈನ್. 1945ರಲ್ಲಿ ಮೂವರಿಗೂ ನೊಬೆಲ್ ಬಂತು. ಕಡಿಮೆ ಔಷಧಿ ತಗೊಂಡರೆ ಬ್ಯಾಕ್ಟೀರಿಯಾ ಸಾಯದೆ ಗಟ್ಟಿಯಾಗುತ್ತವೆ ಅಂತ ಫ್ಲೆಮಿಂಗ್‌ರವರು ಆಗಲೇ ಎಚ್ಚರಿಸಿದ್ದರು. ಅಂಗಡಿಯಿಂದ ಎರಡೇ ಮಾತ್ರೆ ಬಿಡಿಯಾಗಿ ತರೋರು ನಮ್ಮೂರಲ್ಲೂ ಇದ್ದಾರೆ.

ಅವರು 1955ರ ಮಾರ್ಚ್ 11ರಂದು ತೀರಿಕೊಂಡರು.