ಪಟ್ಟು 40, ಗುಟ್ಟು ಒಂದೇ: ಜೂಡೋ ಗುರು ಜಿಗೊರೊ ಕಾನೊ

ಜೂಡೋ ಹುಟ್ಟುಹಾಕಿದ ಜಪಾನಿನ ಜಿಗೊರೊ ಕಾನೊ ಪೈಲ್ವಾನರೇನಲ್ಲ, ಸಣಕಲು ದೇಹದವರು. 1860ರಲ್ಲಿ ಹುಟ್ಟಿದ ಇವರು ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ ತಡೆಯಲಾರದೆ ಜುಜುತ್ಸು ಕಲಿಯೋಕೆ ಹೊರಟರು. ಆದರೆ ಇವರಿಗೆ ಸಿಕ್ಕ ಮೊದಲ ಗುರು ವಿವರಿಸಿ ಹೇಳೋರಲ್ಲ. ಎತ್ತಿ ಒಗೀತಿದ್ರು, ಶಿಷ್ಯ ಬಿದ್ದೂ ಬಿದ್ದೂ ಕಲೀಬೇಕಿತ್ತು. ತಾನು ಬಿದ್ದಿದ್ದು ಯಾಕೆ ಅನ್ನೋ ಪ್ರಶ್ನೆ ಕಾನೊ ಅವರನ್ನು ಬಿಡಲಿಲ್ಲ. ಕೊನೆಗೆ ಉತ್ತರ ಸಿಕ್ತು: ಮೊದಲು ಎದುರಾಳಿಯ ಆಯ ತಪ್ಪಿಸಬೇಕು. ಪಟ್ಟು ಯಾವುದೇ ಇರಲಿ, ಮೂಲ ಇದೇ.

1882ರಲ್ಲಿ ಟೋಕಿಯೊದ ಐಶೋಜಿ ದೇವಸ್ಥಾನದಲ್ಲಿ 12 ಚಾಪೆ ಹಾಸಿ ಕೊಡೊಕಾನ್ ಶುರು ಮಾಡಿದರು. ವೃತ್ತಿಯಲ್ಲಿ ಮೇಷ್ಟ್ರು ನೋಡಿ, ಪಾಠಪಟ್ಟಿ ಇಲ್ಲದೆ ಆಗುತ್ತಾ? 1895ರಲ್ಲಿ ಎತ್ತಿ ಹಾಕುವ ಪಟ್ಟುಗಳು ಐದು ಗುಂಪಾದವು. 1920ರಲ್ಲಿ ಅದನ್ನೇ ತಿದ್ದಿ, ಗುಂಪಿಗೆ 8ರಂತೆ 40ಕ್ಕೆ ತಂದರು. ತಮ್ಮದೇ ಪಟ್ಟಿಯನ್ನು ತಿದ್ದೋಕೂ ಧೈರ್ಯ ಬೇಕು.

ಅಷ್ಟೊತ್ತಿಗೆ ಬಹಳಷ್ಟು ಶಿಷ್ಯರಿಗೆ ಪಂದ್ಯ ಗೆಲ್ಲೋದೇ ದೊಡ್ಡದಾಗಿತ್ತು. ಇದು ಕಾನೊ ಅವರಿಗೆ ಹಿಡಿಸಲಿಲ್ಲ. ಶಕ್ತಿಯನ್ನು ಪೋಲು ಮಾಡದೆ ಬಳಸೋದು, ಎದುರಿಗಿರುವವನ ಜೊತೆಗೇ ಬೆಳೆಯೋದು, ಈ ಎರಡನ್ನೇ ಕೊನೆವರೆಗೂ ಸಾರಿದರು. 1938ರ ಮೇ 4ರಂದು, ಕೈರೋದ ಒಲಿಂಪಿಕ್ ಸಭೆ ಮುಗಿಸಿ ಊರಿಗೆ ಮರಳುವಾಗ ಹಡಗಿನಲ್ಲೇ ತೀರಿಕೊಂಡರು. ಜೂಡೋ ಒಲಿಂಪಿಕ್ಸ್ ಕಂಡಿದ್ದು 1964ರಲ್ಲಿ, ಅದೂ ಟೋಕಿಯೊದಲ್ಲೇ.