ಕಡಲಾಳಕ್ಕೆ ಉಸಿರು ಕೊಂಡೊಯ್ದ ಕೂಸ್ತೊ

ಕಡಲ ತಡಿಯಲ್ಲಿ ಬಾಳುವ ನಮಗೆ ನೀರಿನ ಮೇಲ್ಮೈ ಪರಿಚಿತ. ಅದರ ಒಳಗು ಅಪರಿಚಿತ. ಇಂದು ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿಯೂ ಲಕ್ಷದ್ವೀಪದಲ್ಲಿಯೂ ಯುವಕರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಈ ಸೌಕರ್ಯವನ್ನು ಒದಗಿಸಿದವರಲ್ಲಿ ಪ್ರಮುಖರು ಫ್ರಾನ್ಸಿನ ನೌಕಾಧಿಕಾರಿ ಜಾಕ್ ಈವ್ ಕೂಸ್ತೊ.

ಕೂಸ್ತೊ 1910ರ ಜೂನ್ 11ರಂದು ಬೋರ್ಡೊ ನಗರದ ಸಮೀಪದ ಒಂದು ಸಣ್ಣ ಊರಿನಲ್ಲಿ ಜನಿಸಿದರು. ವಿಮಾನ ಚಾಲಕರಾಗಬೇಕೆಂಬುದು ಅವರ ಹಂಬಲವಾಗಿತ್ತು. 1936ರಲ್ಲಿ ಕಾರು ಅಪಘಾತಕ್ಕೀಡಾಗಿ ಕೈಗಳು ಮುರಿದವು; ಆ ಆಸೆಯೂ ಅಲ್ಲಿಗೆ ಮುಗಿಯಿತು. ಕೈಗೆ ಬಲ ಬರಲೆಂದು ಈಜತೊಡಗಿದ ಅವರು, ಗೆಳೆಯ ತಾಯೇ ಕೊಟ್ಟ ಕನ್ನಡಕ ಧರಿಸಿ ನೀರೊಳಗನ್ನು ಕಂಡು ಬೆರಗಾದರು.

ಮೊದಮೊದಲು ಅವರು ಶುದ್ಧ ಆಮ್ಲಜನಕದ ಉಪಕರಣದೊಡನೆ ಮುಳುಗಿದರು. ಆಳದ ಒತ್ತಡದಲ್ಲಿ ಶುದ್ಧ ಆಮ್ಲಜನಕವೂ ವಿಷವೇ. ಎರಡು ಬಾರಿ ಸೆಳವು ಬಂದು ಪ್ರಾಣಕ್ಕೇ ಸಂಚಕಾರವಾದಾಗ ಆ ದಾರಿಯನ್ನು ಬಿಟ್ಟರು.

ಯುದ್ಧಕಾಲದಲ್ಲಿ ಪೆಟ್ರೋಲಿನ ಅಭಾವವಿತ್ತು. ಕಾರುಗಳನ್ನು ಅನಿಲದಿಂದ ಓಡಿಸಲು ಎಮಿಲ್ ಗಾನ್ಯಾಂ ಎಂಬ ಇಂಜಿನಿಯರ್ ಒಂದು ಕವಾಟವನ್ನು ರೂಪಿಸಿದ್ದರು. ಮುಳುಗುವವನು ಉಸಿರೆಳೆದಾಗ ಮಾತ್ರ, ಆಯಾ ಆಳದ ಒತ್ತಡಕ್ಕೆ ತಕ್ಕಂತೆ ಸಿಲಿಂಡರಿನಿಂದ ಗಾಳಿ ಬರುವಂತೆ ಇಬ್ಬರೂ ಸೇರಿ ಅದನ್ನು ಮಾರ್ಪಡಿಸಿದರು. 1943ರ ಆರಂಭದಲ್ಲಿ ಮಾರ್ನ್ ನದಿಯಲ್ಲಿ ನಡೆದ ಪರೀಕ್ಷೆಯಲ್ಲಿ ಕೂಸ್ತೊ ಅಡ್ಡವಾಗಿ ಈಜಿದಾಗ ಎಲ್ಲವೂ ಸರಿ, ನೆಟ್ಟಗೆ ನಿಂತಾಗ ಗಾಳಿ ಸೋರುತ್ತಿತ್ತು. ಗಾಳಿ ಬರುವ ಮತ್ತು ಹೋಗುವ ಬಾಯಿಗಳನ್ನು ಒಂದೇ ಮಟ್ಟದಲ್ಲಿಟ್ಟೊಡನೆ ದೋಷ ಹೋಯಿತು. ಆ ಬೇಸಿಗೆಯಲ್ಲೇ ಮೆಡಿಟರೇನಿಯನ್ ಸಮುದ್ರದಲ್ಲಿ ‘ಅಕ್ವಾಲಂಗ್’ ಯಶಸ್ವಿಯಾಯಿತು.

ಆದರೆ ಯಂತ್ರ ಸರಿಯಾಗಿದ್ದರೆ ಸಾಲದೆಂಬುದು 1946ರ ಆಗಸ್ಟ್ 27ರಂದು ತಿಳಿಯಿತು. ವೋಕ್ಲೂಸ್ ಎಂಬಲ್ಲಿನ ಆಳವಾದ ನೀರಿನ ಗುಹೆಗೆ ಕೂಸ್ತೊ ಮತ್ತು ಸಂಗಡಿಗ ದ್ಯೂಮಾ ಇಳಿದರು. ಆಳ ಸೇರುತ್ತಲೇ ಇಬ್ಬರಿಗೂ ಮತಿ ಮಂಕಾಯಿತು. ದ್ಯೂಮಾ ಎಚ್ಚರ ತಪ್ಪುವ ಸ್ಥಿತಿಗೆ ಬಂದರು. ಹಗ್ಗದ ಸಂಜ್ಞೆ ಮೊದಲು ಮೇಲಿದ್ದವರಿಗೆ ಅರ್ಥವಾಗಲಿಲ್ಲ. ಕೊನೆಗೆ ಹಗ್ಗ ಹಿಡಿದಿದ್ದ ಮೋರಿಸ್ ಫಾರ್ಗ್ ಅಪಾಯವನ್ನು ಊಹಿಸಿ ಎಳೆದುದರಿಂದ ಇಬ್ಬರೂ ಬದುಕಿದರು.

ಸಿಲಿಂಡರಿನಲ್ಲಿ ಉಳಿದ ಗಾಳಿಯನ್ನು ಪರೀಕ್ಷಿಸಿದಾಗ ಕಾರಣ ಬಯಲಾಯಿತು. ಗಾಳಿ ತುಂಬುವ ಯಂತ್ರ ತಾನೇ ಉಗುಳಿದ ಹೊಗೆಯನ್ನು ಒಳಗೆಳೆದು ಸಿಲಿಂಡರಿಗೆ ತುಂಬಿತ್ತು. ಅದರಲ್ಲಿದ್ದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. 40 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಐದು ಪಟ್ಟು; ಗಾಳಿಯಲ್ಲಿರುವ ವಿಷದ ಒತ್ತಡವೂ ಅಷ್ಟೇ ಏರುತ್ತದೆ. ದಡದಲ್ಲಿ ಆದ ಒಂದು ಅಲಕ್ಷ್ಯ ನೀರಿನಡಿಯಲ್ಲಿ ಇಬ್ಬರನ್ನು ಕೊಲ್ಲುವುದರಲ್ಲಿತ್ತು.

ಅವರನ್ನು ಉಳಿಸಿದ ಫಾರ್ಗ್ ಮರುವರ್ಷವೇ 120 ಮೀಟರ್ ಆಳಕ್ಕೆ ಇಳಿದು, ಒತ್ತಡದಲ್ಲಿ ಸಾರಜನಕ ತರುವ ಅಮಲಿಗೆ ಸಿಕ್ಕಿ ಮಡಿದರು. ಅತಿಯಾದ ಆಳದಲ್ಲಿ ಶುದ್ಧ ಗಾಳಿಯೂ ಕಾಯದೆಂಬುದು ಈ ಸಾವಿನಿಂದ ಮನದಟ್ಟಾಯಿತು.

ಮುಂದೆ ಕೂಸ್ತೊ 1950ರಲ್ಲಿ ‘ಕ್ಯಾಲಿಪ್ಸೊ’ ಹಡಗನ್ನು ಪಡೆದು ಸಾಗರ ಸಂಶೋಧನೆಗೆ ಹೊರಟರು. 1956ರ ಅವರ ಚಿತ್ರ ‘ಮೌನ ಜಗತ್ತು’ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಗಳಿಸಿತು. ಕಡಲಿಗೆ ಕಸ ಸುರಿಯುವುದರ ವಿರುದ್ಧ ಅವರು ಕೊನೆಯವರೆಗೂ ದನಿಯೆತ್ತಿದರು. 1997ರ ಜೂನ್ 25ರಂದು ಪ್ಯಾರಿಸಿನಲ್ಲಿ ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು.

ನಮ್ಮ ಮಕ್ಕಳು ಎಲ್ಲಿಯಾದರೂ ಸಿಲಿಂಡರ್ ಹೊತ್ತು ನೀರಿಗಿಳಿಯುವುದಾದರೆ ಎರಡು ಮಾತು ಕೇಳಿ ತಿಳಿಯಲಿ. ಗಾಳಿ ತುಂಬುವ ಯಂತ್ರ ಹೊಗೆಯಿಂದ ದೂರವಿದೆಯೇ? ಸಿಲಿಂಡರನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿದ್ದಾರೆಯೇ? ಮನೆಗೆ ಬಂದ ಅಡುಗೆ ಅನಿಲದ ಸಿಲಿಂಡರನ್ನು ಸೋರುತ್ತಿದೆಯೇ ಎಂದು ನೋಡಿಕೊಳ್ಳುವ ನಾವು, ಉಸಿರು ತುಂಬಿದ ಸಿಲಿಂಡರಿನ ವಿಷಯದಲ್ಲಿ ಸಂಕೋಚಪಡಬೇಕಾಗಿಲ್ಲ.