ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್

ವಿದ್ಯುತ್ತಿನ ಪಾಠವನ್ನೋದಿದ ಬಾಲಕರೆಲ್ಲರೂ ವೋಲ್ಟ್, ಆಂಪೇರ್, ವ್ಯಾಟ್ ಎಂಬ ಮಾನಗಳನ್ನು ಬಲ್ಲರು. ಅವು ಮೂವರು ಮಹನೀಯರ ಹೆಸರುಗಳಿಂದ ಬಂದವೆಂಬುದನ್ನೂ ಉಪಾಧ್ಯಾಯರು ಅವರಿಗೆ ತಿಳಿಸಿರುತ್ತಾರೆ. ಅದೇ ಪಂಕ್ತಿಗೆ ಸೇರಿದ ಎರ್ಲಾಂಗ್ ಎಂಬ ಮಾನವೊಂದುಂಟು. ದೂರವಾಣಿ ಶಾಸ್ತ್ರಜ್ಞರು ಅದನ್ನು ನಿತ್ಯವೂ ಬಳಸುವರಾದರೂ, ಆ ಹೆಸರಿನ ಪುರುಷರು ಹಳ್ಳಿಯ ಶಾಲಾ ಮಾಸ್ತರರೊಬ್ಬರ ಮಗನೆಂಬುದೂ, ಸ್ವತಃ ಏಳು ವರ್ಷಗಳ ಕಾಲ ಶಾಲೆಗಳಲ್ಲಿ ಪಾಠ ಹೇಳಿದವರೆಂಬುದೂ ಬಹುಜನರಿಗೆ ತಿಳಿಯದು. ಅಧ್ಯಾಪಕರ ಕೈಸೇರುವ ಈ ಸಂಚಿಕೆಯಲ್ಲಿ ಅವರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಉಚಿತವೆಂದು ಭಾವಿಸಿದ್ದೇನೆ.

ಎರ್ಲಾಂಗರು 1878ನೆಯ ಇಸವಿ ಜನವರಿ 1ರಂದು ಡೆನ್ಮಾರ್ಕ್ ದೇಶದ ಜಟ್ಲೆಂಡ್ ಪ್ರಾಂತದ ಲೋನ್‌ಬೋರ್ಗ್ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಆ ಊರಿನ ಶಾಲೆಯ ಉಪಾಧ್ಯಾಯರು. ತಾಯಿಯ ವಂಶದ ಹಿರಿಯರಲ್ಲಿ ಥಾಮಸ್ ಫಿಂಕೆ ಎಂಬ ಗಣಿತಜ್ಞರಿದ್ದರು; ತ್ರಿಕೋನಮಿತಿಯ ಟ್ಯಾಂಜೆಂಟ್, ಸೀಕೆಂಟ್ ಎಂಬ ಪದಗಳನ್ನು 1583ರಲ್ಲಿ ಬಳಕೆಗೆ ತಂದವರು ಅವರೇ. ಅಣ್ಣನು ಪುಸ್ತಕ ಹಿಡಿದು ಓದುತ್ತಿರುವಾಗ ಬಾಲಕ ಆಗ್ನರ್ ಎದುರಿಗೆ ಕುಳಿತು ತಲೆಕೆಳಗಾದ ಅಕ್ಷರಗಳನ್ನೇ ಓದಿಕೊಳ್ಳುತ್ತಿದ್ದನಂತೆ. ಹದಿನಾಲ್ಕನೆಯ ವಯಸ್ಸಿಗೆ ಕೋಪನ್‌ಹೇಗನ್ನಿನಲ್ಲಿ ಒಂದು ಪರೀಕ್ಷೆಗೆ ಕುಳಿತಾಗ, ವಯಸ್ಸು ಸಾಲದೆಂದು ವಿಶೇಷ ಅನುಮತಿಯನ್ನು ಪಡೆಯಬೇಕಾಯಿತು. ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗಿ ಊರಿಗೆ ಮರಳಿ, ತಂದೆಯ ಶಾಲೆಯಲ್ಲಿಯೇ ಎರಡು ವರ್ಷ ಸಹಾಯಕ ಉಪಾಧ್ಯಾಯನಾಗಿ ದುಡಿದನು. ಮನೆಯಲ್ಲಿ ಐಶ್ವರ್ಯವಿರಲಿಲ್ಲ. 1896ರಲ್ಲಿ ವಿಶ್ವವಿದ್ಯಾಲಯವು ವಿದ್ಯಾರ್ಥಿವೇತನವನ್ನು ಕೊಟ್ಟುದರಿಂದಲೇ ಮುಂದಿನ ವ್ಯಾಸಂಗವು ಸಾಧ್ಯವಾಯಿತು.

1901ರಲ್ಲಿ ಗಣಿತವನ್ನು ಪ್ರಧಾನ ವಿಷಯವನ್ನಾಗಿ ಆರಿಸಿಕೊಂಡು ಎಂ.ಎ. ಪದವಿಯನ್ನು ಪಡೆದ ಎರ್ಲಾಂಗರು ಮುಂದಿನ ಏಳು ವರ್ಷಗಳನ್ನು ಶಾಲೆಗಳಲ್ಲಿ ಬೋಧನೆಗೆ ಮುಡಿಪಾಗಿಟ್ಟರು. ಬಿಡುವಿನ ವೇಳೆಯಲ್ಲಿ ಗಣಿತಜ್ಞರ ಸಂಘದ ಸಭೆಗಳಿಗೆ ಹೋಗುತ್ತಿದ್ದರು. ಅಲ್ಲಿ ಜೆನ್ಸೆನ್ ಎಂಬವರ ಪರಿಚಯವಾಯಿತು. ಜೆನ್ಸೆನ್ನರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರು. ಪ್ರಾಧ್ಯಾಪಕ ಪದವಿಯ ಹಂಗಿಲ್ಲದೆಯೇ ಗಣಿತದಲ್ಲಿ ಶಾಶ್ವತವಾದ ಹೆಸರನ್ನು ಪಡೆದವರು. ಅವರ ಮೂಲಕ ಎರ್ಲಾಂಗರು 1908ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಆ ಕಂಪನಿಯ ಸೇವೆಗೆ ಸೇರಿದರು.

ಕಂಪನಿಯ ಮುಂದಿದ್ದ ಪ್ರಶ್ನೆಯನ್ನು ಇಲ್ಲಿ ತುಸು ವಿವರಿಸಬೇಕು. ಒಂದು ವಿನಿಮಯ ಕೇಂದ್ರಕ್ಕೂ ಇನ್ನೊಂದಕ್ಕೂ ನಡುವೆ ಇಂತಿಷ್ಟೇ ತಂತಿಗಳು. ಅವೆಲ್ಲವೂ ಮಾತಿನಲ್ಲಿ ತೊಡಗಿರುವಾಗ ಮತ್ತೊಬ್ಬನು ಕರೆದರೆ ಅವನಿಗೆ ದಾರಿಯಿಲ್ಲ. ಬಾಲ್ಯದಲ್ಲಿ ಟ್ರಂಕ್ ಕಾಲ್ ಕಾದಿರಿಸಿ, ಕರೆ ಬಂದೀತೆಂದು ಅಂಚೆಕಚೇರಿಯ ಜಗಲಿಯಲ್ಲಿ ಹಗಲೆಲ್ಲ ಕುಳಿತ ನನ್ನಂಥವರಿಗೆ ಇದರ ಕಷ್ಟವನ್ನು ಹೇಳಿಕೊಡಬೇಕಾಗಿಲ್ಲ. ತಂತಿಗಳನ್ನು ಹೆಚ್ಚಿಸೋಣವೆಂದರೆ ತಾಮ್ರವು ಬೆಲೆಯುಳ್ಳದ್ದು. ಬಹುಕಾಲ ನಿರುಪಯುಕ್ತವಾಗಿ ನೆಲದಡಿಯಲ್ಲಿ ಬಿದ್ದಿರುವುದು. ಎಷ್ಟು ತಂತಿಗಳಿದ್ದರೆ ಸಾಕು? ಅಲ್ಲಿಯವರೆಗೆ ಇದಕ್ಕೆ ಅನುಭವಸ್ಥರ ಅಂದಾಜೇ ಮುಖ್ಯ ಆಧಾರವಾಗಿತ್ತು.

ಮುಂದಿನ ಮಳೆಹನಿಯು ಯಾವ ಹಂಚಿನ ಮೇಲೆ ಬೀಳುವುದೆಂದು ಯಾರೂ ಹೇಳಲಾರರು. ಆದರೆ ಒಂದೊಂದು ಹಂಚಿಗೆ ಸರಾಸರಿ ಎಷ್ಟು ಹನಿಗಳೆಂಬುದನ್ನು ಲೆಕ್ಕ ಹಾಕಬಹುದು. ದೂರವಾಣಿಯ ಕರೆಗಳೂ ಹಾಗೆಯೇ. ಒಬ್ಬೊಬ್ಬ ಗ್ರಾಹಕನೂ ಸ್ವತಂತ್ರನು. ಅವನು ಯಾವಾಗ ಕರೆಯುವನೆಂಬುದು ಅನಿಶ್ಚಿತ. ಸಾವಿರಾರು ಜನರ ಕರೆಗಳು ಕೂಡಿದಾಗಲಾದರೋ ಆ ಅನಿಶ್ಚಯವೇ ಒಂದು ನಿಯಮಕ್ಕೆ ಒಳಪಡುತ್ತದೆ. ಫ್ರಾನ್ಸಿನ ಪ್ವಾಸೋನರು ಹಿಂದೆಯೇ ಹೇಳಿದ್ದ ಸಂಭಾವ್ಯತೆಯ ಸೂತ್ರವು ಕರೆಗಳ ಸಂಖ್ಯೆಗೆ ಅನ್ವಯಿಸುವುದೆಂದು ಎರ್ಲಾಂಗರು 1909ರ ತಮ್ಮ ಲೇಖನದಲ್ಲಿ ತೋರಿಸಿದರು. 1917ರಲ್ಲಿ ಪ್ರಕಟವಾದುದು ಅವರ ಪ್ರಧಾನ ಕೃತಿ. ಕರೆಗಳ ಭಾರವನ್ನೂ ತಂತಿಗಳ ಸಂಖ್ಯೆಯನ್ನೂ ಕೊಟ್ಟರೆ, ನೂರರಲ್ಲಿ ಎಷ್ಟು ಜನರು ದಾರಿ ಸಿಗದೆ ಹಿಂದಿರುಗುವರೆಂಬುದನ್ನು ತಿಳಿಸುವ ಸೂತ್ರವು ಅದರಲ್ಲಿದೆ. ಕಾಯಬಲ್ಲ ಗ್ರಾಹಕರಿಗೆ ಕಾಯುವ ಹೊತ್ತಿನ ಲೆಕ್ಕವೂ ಅಲ್ಲಿಯೇ ಇದೆ.

ಒಂದು ತಂತಿಯು ಗಂಟೆಯುದ್ದಕ್ಕೂ ಬಿಡುವಿಲ್ಲದೆ ಮಾತಿನಲ್ಲಿ ತೊಡಗಿದ್ದರೆ ಆ ಭಾರವು ಒಂದು ಎರ್ಲಾಂಗ್. ಮೂರು ಮೂರು ನಿಮಿಷಗಳ 20 ಸಂಭಾಷಣೆಗಳು ಗಂಟೆಯೊಂದರಲ್ಲಿ ನಡೆದರೂ ಅಷ್ಟೇ. ನೂರು ಕರೆಗಳಲ್ಲಿ ಒಂದು ಮಾತ್ರ ವಿಫಲವಾಗಲೆಂದು ನಿಶ್ಚಯಿಸಿದರೆ, 10 ತಂತಿಗಳ ಕಟ್ಟು ಹೊರಬಲ್ಲ ಭಾರವು ಸುಮಾರು 4.5 ಎರ್ಲಾಂಗ್. ಅಂಥ ಹತ್ತು ಕಟ್ಟುಗಳು ಬೇರೆ ಬೇರೆಯಾಗಿದ್ದರೆ ಒಟ್ಟು 45. ಅದೇ ನೂರು ತಂತಿಗಳನ್ನು ಒಂದೇ ಕಟ್ಟಾಗಿ ಎಲ್ಲರಿಗೂ ಸಮಾನವಾಗಿ ತೆರೆದಿಟ್ಟರೆ ಸುಮಾರು 84! ತಾಮ್ರವು ಒಂದು ತೊಲವೂ ಹೆಚ್ಚಲಿಲ್ಲ. ಕೆಲಸವು ಇಮ್ಮಡಿಗೆ ಸಮೀಪವಾಯಿತು. ಆದರೆ ಇದರಲ್ಲೊಂದು ಅಪಾಯವೂ ಉಂಟು. ಹೀಗೆ ತುಂಬಿ ಹರಿಯುವ ದೊಡ್ಡ ಕಟ್ಟಿನಲ್ಲಿ ಬಿಡುವು ಕಡಮೆಯಾದುದರಿಂದ, ಭಾರವು ಹಠಾತ್ತನೆ ಏರಿದರೆ ಚಿಕ್ಕ ಕಟ್ಟಿಗಿಂತ ಅದೇ ಮೊದಲು ಬಳಲುತ್ತದೆ.

ಬಿಂದುಗಳನ್ನೂ ಅವುಗಳನ್ನು ಕೂಡಿಸುವ ರೇಖೆಗಳನ್ನೂ ಕುರಿತ ಶಾಸ್ತ್ರವನ್ನು 1736ರಲ್ಲಿ ಆಯ್ಲರರು ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಸಮಸ್ಯೆಯಿಂದ ಆರಂಭಿಸಿದ್ದರು. ಊರುಗಳನ್ನು ಬಿಂದುಗಳೆಂದೂ ತಂತಿಗಳನ್ನು ರೇಖೆಗಳೆಂದೂ ತಿಳಿದರೆ ದೂರವಾಣಿಯ ಜಾಲವೂ ಅಂಥದೊಂದು ಆಕೃತಿಯೇ. ಅದರಲ್ಲಿ ಅತ್ಯಂತ ಹ್ರಸ್ವವಾದ ಮಾರ್ಗವನ್ನು ಹುಡುಕುವ ಸುಲಭ ವಿಧಾನವನ್ನು 1959ರಲ್ಲಿ ಡೈಕ್‌ಸ್ಟ್ರಾ ಪ್ರಕಟಿಸಿದರು. ಆದರೆ ಹ್ರಸ್ವವಾದ ಮಾರ್ಗವು ದಟ್ಟಣೆಯಿಂದ ತುಂಬಿದ್ದರೆ ಸುತ್ತಿನ ಮಾರ್ಗವೇ ಬೇಗ ತಲುಪಿಸೀತು. ಈ ವಿವೇಚನೆಗೆ ಎರ್ಲಾಂಗರ ಲೆಕ್ಕವೇ ಬೇಕು. 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಲೈನ್‌ರಾಕ್ ಅವರು ಸಂದೇಶಗಳು ಸರದಿಯಲ್ಲಿ ನಿಂತು ಸಾಗುವ ಜಾಲಗಳಿಗೆ ಈ ಗಣಿತವನ್ನು ವಿಸ್ತರಿಸಿದರು. ಇಂದಿನ ಇಂಟರ್ನೆಟ್ಟಿನ ಅಧ್ಯಯನಕ್ಕೂ ಅದು ಆಧಾರವಾಯಿತು.

ಎರ್ಲಾಂಗರ ಬರವಣಿಗೆಯು ಅತಿ ಸಂಕ್ಷಿಪ್ತ. ಎಷ್ಟೋ ಕಡೆ ಫಲಿತಾಂಶವನ್ನು ಹೇಳಿ ಸಾಧನೆಯನ್ನು ಬಿಟ್ಟಿದ್ದಾರೆ. ನಮ್ಮ ಸೂತ್ರಕಾರರಿಗೆ ವೃತ್ತಿಕಾರರೂ ಭಾಷ್ಯಕಾರರೂ ಬೇಕಾದಂತೆ ಇವರಿಗೂ ಬೇಕಾದರು. ಇದನ್ನು ನಾನು ಗುಣವೆಂದು ಪೂರ್ತಿಯಾಗಿ ಒಪ್ಪಲಾರೆ. ಪಾಠ ಹೇಳಿದ ಅನುಭವವಿದ್ದವರು ಇನ್ನೂ ನಾಲ್ಕು ವಾಕ್ಯಗಳನ್ನು ಸೇರಿಸಬಹುದಿತ್ತು. ಅಮೆರಿಕದ ಸಂಶೋಧಕರೊಬ್ಬರು ಇವರ ಮೂಲ ಲೇಖನಗಳನ್ನು ಓದುವುದಕ್ಕಾಗಿಯೇ ಡೇನಿಷ್ ಭಾಷೆಯನ್ನು ಕಲಿತರೆಂದು ಪ್ರತೀತಿ.

ಕಂಪನಿಯ ಪ್ರಯೋಗಶಾಲೆಯು ಅವರ ಹೊಣೆಯಲ್ಲಿತ್ತಾದರೂ ಮೊದಲಿಗೆ ಸಹಾಯಕರಿರಲಿಲ್ಲ. ನೆಲದಡಿಯ ಕೇಬಲ್ಲುಗಳಲ್ಲಿ ಸೋರಿ ಹರಿಯುವ ವಿದ್ಯುತ್ತನ್ನು ಅಳೆಯಲು ತಾವೇ ಬೀದಿಯ ಕುಳಿಗಳಲ್ಲಿ ಇಳಿಯುತ್ತಿದ್ದರು. ಏಣಿ ಹೊತ್ತ ಆಳೊಬ್ಬನು ಹಿಂದೆ ನಡೆಯುವನು. ಅವರು ವಿವಾಹವಾಗಲಿಲ್ಲ. ಗಣಿತ, ಖಗೋಳ, ಭೌತಶಾಸ್ತ್ರಗಳ ದೊಡ್ಡ ಗ್ರಂಥಭಂಡಾರವನ್ನು ಕೂಡಿಸಿದ್ದರು. ಇತಿಹಾಸ, ಕಾವ್ಯಗಳಲ್ಲಿಯೂ ಅಭಿರುಚಿಯಿತ್ತು. ಕಷ್ಟದಲ್ಲಿದ್ದವರು ಪ್ರಯೋಗಶಾಲೆಗೇ ಬಂದು ಕೇಳಿದರೆ ಸದ್ದಿಲ್ಲದೆ ನೆರವಾಗುತ್ತಿದ್ದರು.

ಸುಮಾರು ಇಪ್ಪತ್ತು ವರ್ಷ ಸೇವೆಯಲ್ಲಿದ್ದ ಎರ್ಲಾಂಗರು, ಉದರ ವ್ಯಾಧಿಗಾಗಿ ಶಸ್ತ್ರಚಿಕಿತ್ಸೆಗೊಳಗಾಗಿ, 1929ನೆಯ ಇಸವಿ ಫೆಬ್ರವರಿ 3ರಂದು ತೀರಿಕೊಂಡರು. ಆಗ ಅವರಿಗೆ 51 ವರ್ಷ. ಬ್ರಿಟಿಷ್ ಅಂಚೆ ಇಲಾಖೆಯು ಅವರ ಸೂತ್ರವನ್ನು ಅಂಗೀಕರಿಸಿತ್ತು. ದೂರವಾಣಿಯ ಅಂತರರಾಷ್ಟ್ರೀಯ ಸಮಿತಿಯು ದಟ್ಟಣೆಯ ಮಾನಕ್ಕೆ ಅವರ ಹೆಸರನ್ನಿಟ್ಟುದು 1946ರಲ್ಲಿ, ಅವರು ಗತಿಸಿದ ಹದಿನೇಳು ವರ್ಷಗಳ ತರುವಾಯ.